ಬಾಜೂ ಮನೆಯ ಭೇದಿ

ನಮ್ಮೂರಿಗೆ ಬರುವವರನ್ನು ಮೊದಲು ಎದುರುಗೊಳ್ಳುವುದು ಒಂದು ಫಲಕ. ಅಮೀನಗಡ ದಾಟಿ ಹುನಗುಂದದ ದಾರಿ ಹಿಡಿದು, ಎಡಕ್ಕೆ ಹೊರಳಿ ಮೂರು ಕಿಲೋಮೀಟರ್ ಬಂದರೆ ಕಾಣಿಸುತ್ತದೆ: ‘ಬಯಲು ಶೌಚ ಮುಕ್ತ ಗ್ರಾಮ’. ಫಲಕದ ಹಿಂದೆ ಜಾಲಿ ಕಂಟಿಗಳಿವೆ. ಬೆಳಗಿನ ಆರಕ್ಕೆ ಬಂದವರು ಫಲಕ ಓದಿ ಸಂತೋಷಪಟ್ಟು ಮುಂದೆ ಹೋಗಬೇಕು, ಹಿಂದೆ ಹೋಗಿ ನೋಡಬಾರದು. ಹಿಂದೆ ಊರಿನ ಗಣ್ಯರು ಕುಳಿತಿರುತ್ತಾರೆ.

ಹಾಗಂತ ನಮ್ಮಲ್ಲಿ ಪಾಯಖಾನೆಗಳಿಲ್ಲ ಎಂದಲ್ಲ. ಮನೆಗೊಂದಿವೆ. ಸರಕಾರದ ಅನುದಾನದಲ್ಲಿ ಕಟ್ಟಿದ ಆ ನಾಲ್ಕು ಗೋಡೆಗಳ ನಡುವೆ ಉಳ್ಳಾಗಡ್ಡಿ ಆರು ತಿಂಗಳಾದರೂ ಕೊಳೆಯುವುದಿಲ್ಲ ಎಂಬುದನ್ನು ಯಾವ ಕೃಷಿ ವಿಜ್ಞಾನಿಗಿಂತಲೂ ಮೊದಲು ಕಂಡುಹಿಡಿದವರು ನಮ್ಮೂರಿನವರು. ಮೇಲೆ ಗಾಳಿಕಿಂಡಿ ಇದೆ, ಬಾಗಿಲಿಗೆ ಚಿಲಕ ಇದೆ. ಅಷ್ಟು ಚೆಂದದ ಕೋಣೆಯನ್ನು ಬೇರೆ ಕೆಲಸಕ್ಕೆ ಹಾಳು ಮಾಡಲು ಯಾರಿಗೆ ಮನಸ್ಸು ಬರುತ್ತದೆ?

ಈ ಊರಿನ ಆರೋಗ್ಯ ಹದಿನೈದು ವರ್ಷಗಳಿಂದ ದೌಲತಬಿ ಎಂಬ ಹೆಂಗಸಿನ ಹೆಗಲಚೀಲದಲ್ಲಿದೆ. ದೌಲತಬಿ ಆಶಾ ಕಾರ್ಯಕರ್ತೆ. ವಯಸ್ಸು ನಲವತ್ಮೂರು, ಓದು ಹತ್ತನೇ ಇಯತ್ತೆ, ಗುಲಾಬಿ ಬಣ್ಣದ ಸರಕಾರಿ ಸೀರೆ ಎರಡು. ಗಂಡ ಗೌಸಸಾಬ ಅಮೀನಗಡಕ್ಕೆ ಟಂಟಂ ಓಡಿಸುತ್ತಾನೆ. ಊರಿನ ಯಾವ ಸೊಸೆಗೆ ಎಷ್ಟನೇ ತಿಂಗಳು ಎಂಬುದು ಆ ಸೊಸೆಯ ಗಂಡನಿಗಿಂತ ಮೊದಲು ದೌಲತಬಿಗೆ ಗೊತ್ತಾಗುತ್ತದೆ. ಕೂಸಿಗೆ ಸೂಜಿ ಹಾಕಿಸಲು ಆಕೆ ಬಂದರೆ ಅಜ್ಜಿಯರು ಕೂಸನ್ನು ಕಾಳಿನ ಹಗೇವೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಬಚ್ಚಿಡುತ್ತಿದ್ದ ಕಾಲವಿತ್ತು. ಕೊರೊನಾ ವರ್ಷದಲ್ಲಿ ಆಕೆ ಓಣಿಗೆ ಕಾಲಿಟ್ಟರೆ ಇಡೀ ಓಣಿ ಕೆಮ್ಮು ನುಂಗಿಕೊಂಡು ಕೂಡುತ್ತಿತ್ತು. ಇಷ್ಟೆಲ್ಲ ಸೇವೆಗೆ ಊರು ಆಕೆಗೆ ಕೊಟ್ಟ ಮರ್ಯಾದೆ ಏನೆಂದರೆ, ಯಾವ ಮನೆಗೆ ಹೋದರೂ ಆಕೆಯನ್ನು ನಿಲ್ಲಿಸಿಯೇ ಮಾತಾಡಿಸುತ್ತಾರೆ. ಕೂತರೆ ತಡವಾಗುತ್ತದಲ್ಲ, ಪಾಪ.

ಕಳೆದ ಬೇಸಿಗೆಯಲ್ಲಿ ಊರಿಗೆ ವಾಂತಿಭೇದಿ ಬಂತು. ಬಂತು ಎಂದು ನಾನು ಬರೆಯುತ್ತಿದ್ದೇನೆ, ಆಗ ಯಾರೂ ಹಾಗೆ ಹೇಳಲಿಲ್ಲ. ಶುಕ್ರವಾರದಿಂದ ಊರಿನ ತಂಬಿಗೆಗಳಿಗೆ ಬಿಡುವಿಲ್ಲದಂತಾಯಿತು, ಅಷ್ಟೇ. ಶನಿವಾರ ದೌಲತಬಿ ಚೀಲದ ತುಂಬ ಓಆರ್‌ಎಸ್ ಪುಡಿ ತುಂಬಿಕೊಂಡು ಮನೆಮನೆ ಹೊಕ್ಕಳು. ಮೊದಲ ಮನೆ ಎರಡು ಎಮ್ಮೆ ಕಟ್ಟಿ ಹಾಲು ಮಾರುವ ಭಾಗ್ಯಾಳದು.

“ಯಾರಿಗರೆ ವಾಂತಿ, ಭೇದಿ ಏನರೆ ಆಗೇತೇನವಾ?”

“ನಮ್ಮನ್ಯಾಗ? ಯಾರಿಗೂ ಏನೂ ಇಲ್ಲಕ್ಕ. ಎಲ್ಲಾರೂ ಗುಂಡಕಲ್ಲ ಇದ್ದಂಗ ಅದೇವಿ.”

ಅಷ್ಟರಲ್ಲಿ ಭಾಗ್ಯಾಳ ಗಂಡ ತಂಬಿಗೆ ಹಿಡಿದು ಇಬ್ಬರ ನಡುವೆಯೇ ದಾಟಿ, ಕಣ್ಣಿಗೆ ಕಣ್ಣು ಕೊಡದೆ, ಓಡುವುದಕ್ಕೂ ನಡೆಯುವುದಕ್ಕೂ ಮಧ್ಯದ ಒಂದು ನಡಿಗೆಯಲ್ಲಿ ಹೊರಬಿದ್ದ.

“ಅವ್ರೆಲ್ಲಿಗಿ ಹೊಂಟ್ರು?”

“ಎಮ್ಮಿ ನೋಡಾಕ.”

“ಎಮ್ಮಿ ಇಲ್ಲೇ ಅದಾವಲ್ಲ.”

“ಅವು ನಮ್ಮವು. ಬ್ಯಾರೆ ಎಮ್ಮಿ ನೋಡಾಕ.”

ಭಾಗ್ಯಾಳದು ತಪ್ಪಲ್ಲ. ಭೇದಿಯ ಮನೆಯ ಹಾಲನ್ನು ಯಾರು ಕೊಳ್ಳುತ್ತಾರೆ? ಆಚೆ ಮನೆಯಲ್ಲಿ ಮರುವಾರ ಹೆಣ್ಣು ನೋಡಲು ಇಳಕಲ್ಲಿನಿಂದ ಬೀಗರು ಬರುವವರಿದ್ದರು. ಅವರಿಗೂ ಏನೂ ಆಗಿರಲಿಲ್ಲ, ಮಾವಿನಹಣ್ಣು ಸ್ವಲ್ಪ ಉಷ್ಣವಾಗಿತ್ತಂತೆ. ಅದರಾಚೆಯವರಿಗೆ ದೃಷ್ಟಿಯಾಗಿತ್ತು. ಉಳಿದವರೆಲ್ಲರಿಗೂ ಒಂದೇ ಕಷ್ಟ: ಭೇದಿ ಎಂದು ಒಪ್ಪಿದರೆ, ಎಲ್ಲಿಗೆ ಹೋಗಿದ್ದಿರಿ ಎಂಬ ಪ್ರಶ್ನೆ ಬರುತ್ತದೆ. ಆಗ ಪಾಯಖಾನೆಯ ಬಾಗಿಲು ತೆರೆಯಬೇಕಾಗುತ್ತದೆ. ಒಳಗಿಂದ ಉಳ್ಳಾಗಡ್ಡಿ ಉರುಳಿ ಬೀಳುತ್ತದೆ. ಮೊದಲೇ ನಮ್ಮದು ಫಲಕವಿರುವ ಊರು.

ಎರಡು ದಿನ ಓಣಿ ಅಳೆದ ಮೇಲೆ ದೌಲತಬಿಯ ವಹಿಯಲ್ಲಿ ನಾಲ್ಕೇ ಹೆಸರಿದ್ದವು. ನಾಲ್ಕೂ ಬಚ್ಚಿಡಲಾಗದವು, ಅಂದರೆ ಹುನಗುಂದದ ದವಾಖಾನೆಗೆ ಎತ್ತಿಕೊಂಡು ಹೋದವರವು. ಉಳಿದವರು ಔಷಧಕ್ಕೆ ಹೋಗಲಿಲ್ಲವೆ ಎಂದರೆ, ಹೋದರು. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಸರದಿ ನಿಂತು, ಊರು ಯಾವುದು ಎಂದು ಕೇಳಿದಾಗ ಒಬ್ಬರ ಹಿಂದೊಬ್ಬರು ಆಚೆಯ ಊರು ಕಮತಗಿಯ ಹೆಸರು ಬರೆಸಿ, ಗುಳಿಗೆ ತಂದರು. ಸೋಮವಾರದ ಹೊತ್ತಿಗೆ ಕಮತಗಿಯಲ್ಲಿ ಮೂವತ್ತೆರಡು ಜನಕ್ಕೆ ವಾಂತಿಭೇದಿ. ಡಾಕ್ಟರ್ ಮೇಡಮ್ ಗಾಬರಿಯಾಗಿ ಮೇಲಕ್ಕೆ ಫೋನು ಮಾಡಿದರು. ಮೇಲಿನವರು ಬ್ಲೀಚಿಂಗ್ ಪೌಡರಿನ ಗಾಡಿಯನ್ನು ಕಮತಗಿಗೆ ಅಟ್ಟಿದರು. ಕಮತಗಿಯವರು ತಮಗೆ ಬಂದಿರುವ ರೋಗ ತಮಗೇ ಗೊತ್ತಾಗದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ.

ದೌಲತಬಿಗೆ ಇದು ನೀರಿನ ಕಾಟ ಎಂದು ಮೊದಲ ದಿನವೇ ಅನುಮಾನ. ಪಂಚಾಯ್ತಿಗೆ ಹೋಗಿ ಪಿಡಿಓ ಸಾಹೇಬರ ಮುಂದೆ ನಿಂತಳು. ಅವರು ಫೈಲಿನಿಂದ ತಲೆ ಎತ್ತಿದರು.

“ನೀರು ಪರೀಕ್ಷಾ ಮಾಡ್ಸೇವಿ ತಂಗಿ. ಬಾಗಲಕೋಟಿ ಲ್ಯಾಬಿಂದ ಫೋನ್ ಬಂದೇತಿ. ಎಕ್ದಂ ಫಸ್ಟ್ ಕ್ಲಾಸ್ ಅದ ಅಂತ.”

“ಎಲ್ಲೀ ನೀರು ಕಳಿಸಿದ್ರಿ ಸಾಹೇಬ್ರ?”

“ಇಲ್ಲೀದ.” ಅವರು ಬೆನ್ನ ಹಿಂದಿನ ಕಚೇರಿಯ ಫಿಲ್ಟರನ್ನು ತೋರಿಸಿದರು.

ದೌಲತಬಿ ಫಿಲ್ಟರನ್ನೂ ಸಾಹೇಬರನ್ನೂ ಒಂದು ಸಲ ನೋಡಿ, ಊರಿನ ನಳದ ನೀರು ಬಂದ್ ಮಾಡಿಸಬೇಕು ಎಂದಳು.

“ಊರಾಗ ಐದು ವಾಲ್ವ್ ಅದಾವು. ಬ್ಯಾಸಗಿ ದಿನ. ಐದೂ ಬಂದ್ ಮಾಡಿದ್ರ ಜನ ನನ್ನ ಬಂದ್ ಮಾಡ್ತಾರ. ಟ್ಯಾಂಕರ್ ಇರೋದು ಒಂದ. ಯಾವ ವಾಲ್ವಿನ ಮನಿಯೊಳಗ ಜಡ್ಡ ಐತಿ ಅಂತ ಹೆಸರು ಹಿಡದು ತೋರ್ಸು, ಅದೊಂದು ಬಂದ್ ಮಾಡಿ ರಿಪೇರಿ ಮಾಡಸ್ತೇನಿ. ನಿನ್ನ ಪುಸ್ತಕದಾಗ ಎಷ್ಟು ಅದಾವು?”

“ನಾಕು.”

“ನಾಕಕ್ಕೆಲ್ಲ ಸರಕಾರ ನಡಿಯೂದಿಲ್ಲವಾ.”

ಮಾತು ಸರಿಯೇ ಇತ್ತು. ಹೆಸರು ಬೇಕು. ಹೆಸರು ಕೊಡುವವರಿಲ್ಲ.

ಮಂಗಳವಾರ ಮಧ್ಯಾಹ್ನ ಆಕೆ ನಿಂಗರಾಜನ ಮನೆಗೆ ಹೋದಳು. ನಿಂಗರಾಜ ಬೀರಪ್ಪನ ಭಕ್ತ, ಹೆಗಲ ಮೇಲೆ ಬೇಸಿಗೆಯಲ್ಲೂ ಕಂಬಳಿ, ಅಂಗಳದಲ್ಲಿ ಇಪ್ಪತ್ತು ಕುರಿ. ಆತನ ಸೊಸೆ ಲಲಿತಾಳ ಏಳು ತಿಂಗಳ ಹೆಣ್ಣುಕೂಸು ಮೂರು ದಿನ ಹುನಗುಂದದಲ್ಲಿ ಸಲೈನ್ ಹಚ್ಚಿಸಿಕೊಂಡು ಅವತ್ತೇ ಮನೆಗೆ ಬಂದಿತ್ತು. ಕೂಸಿನ ಕಣ್ಣು ಗುಳಿ ಬಿದ್ದಿದ್ದವು, ಅಳುವುದಕ್ಕೆ ಬಾಯಿ ತೆರೆದರೂ ದನಿ ಬರುತ್ತಿರಲಿಲ್ಲ. ಡಾಕ್ಟರು ಲಲಿತಾಳಿಗೆ ಒಂದೇ ಮಾತು ಹೇಳಿ ಕಳಿಸಿದ್ದರು: ಇನ್ನೊಂದು ಸಲ ಹೀಗಾದರೆ ಇದು ತಡೆಯುವುದಿಲ್ಲ.

“ನಳ ಯಾವಾಗ ಬರ್ತೈತಿ?” ದೌಲತಬಿ ಕೇಳಿದಳು.

“ರವಿವಾರ ಬಂದಿತ್ತು. ಇನ್ನ ಗುರುವಾರ ಮುಂಜಾನಿ ಆರಕ್ಕ,” ಲಲಿತಾ ಹೇಳಿದಳು. “ಕುದಿಸೇ ಕುಡಸ್ತೇನಕ್ಕ. ಖರೆ, ನಮ್ಮತ್ತಿ ಕೊಡದಾಗಿನ ನೀರಾಗ ಚಮಚಾ ತೊಳದು ಕೂಸಿನ ಬಾಯಾಗ ಇಡ್ತಾರ. ಕೈ ತೊಳಿಯೂದು ಅದ ನೀರು. ಯಾರ್ಯಾರನ್ನ ಕಾಯ್ಲಿ?”

ಗುರುವಾರಕ್ಕೆ ಒಂದೂವರೆ ದಿನ ಉಳಿದಿತ್ತು. ದೌಲತಬಿ ವಹಿ ತೆಗೆದು ಕೂಸಿನ ಹೆಸರಿನ ಮುಂದೆ ಬರೆಯುವಾಗ ಅಂಗಳದಿಂದ ನಿಂಗರಾಜ ತನ್ನ ಅಸಮಾಧಾನ ಹೊರಹಾಕಿದ.

“ಬಡವರ ಕೂಸಿಂದ ಬರಕೋತಿ. ಬಾಜೂ ಮನಿ ಅಧ್ಯಕ್ಷಂದು ಬರಕೊಳ್ಳೂದಿಲ್ಲ. ನಿನ್ನಿ ಒಂದ ದಿನದಾಗ ಹನ್ನೊಂದು ಸಲ ಹೋಗ್ಯಾನ.”

“ಹನ್ನೊಂದ ಅಂತ ನಿಮಗ ಹೆಂಗ ಗೊತ್ತು ಕಾಕಾ?”

“ಕುರಿ ಕಾಯಾಂವ ನಾ. ಎಣಿಸೂದ ಕೆಲಸ. ಹನ್ನೆರಡೂ ಇರಬಹುದು, ನಡುವ ನಾ ಊಟಕ್ಕ ಕುಂತಿದ್ದೆ.”

ದೌಲತಬಿಯ ಪೆನ್ನು ಅಲ್ಲಿಯೇ ನಿಂತಿತು. ಹದಿನೈದು ವರ್ಷ ಈ ಊರಿನಲ್ಲಿ ತಪ್ಪು ಪ್ರಶ್ನೆ ಕೇಳುತ್ತ ಅಡ್ಡಾಡಿದ್ದೇನೆ ಎಂದು ಆಕೆಗೆ ಆ ಕ್ಷಣ ಅನಿಸಿತಂತೆ.

ಬುಧವಾರ ಹೊತ್ತು ಹುಟ್ಟುವ ಮುಂಚೆ ಮತ್ತೆ ಭಾಗ್ಯಾಳ ಮನೆ.

“ನಿಮ್ಮನ್ಯಾಗ ಯಾರಿಗೂ ಏನೂ ಇಲ್ಲ, ನನಗ ಗೊತ್ತೈತಿ. ಬಾಜೂ ಮನ್ಯಾಗ?”

ಭಾಗ್ಯಾ ಹಾಲಿನ ಚರಿಗೆ ಕೆಳಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡಳು. ಮೊದಲ ಬಾರಿಗೆ ದೌಲತಬಿಗೆ ಮಣೆ ಹಾಕಿದಳು.

“ಹೇಳಬಾರ್ದು ಬಿಡು ಅಕ್ಕ. ಮುದುಕಿ, ಮಗ, ಸೊಸಿ, ಮೂರೂ ಮಂದಿ. ಮಗಂಗ ಶನಿವಾರದಿಂದ. ಸೊಸಿ ತವರಮನಿಗಿ ಹೋಗ್ಯಾಳ ಅಂತ ಹೇಳ್ತಾರಲ್ಲ, ಎಲ್ಲೀದು? ಒಳಗ ಮಲಗ್ಯಾಳ. ಹೆಣ್ಣು ನೋಡಾಕ ಬರ್ತಾರಂತ ಮುಚ್ಚಿಟ್ಟಾರ. ನಾ ಹೇಳಿದ್ನಿ ಅನಬ್ಯಾಡ.”

ಆಚೆ ಮನೆಯವರು ಭಾಗ್ಯಾಳ ಗಂಡನ ವಿಷಯದಲ್ಲಿ ಅಷ್ಟೇ ಮುತುವರ್ಜಿ ವಹಿಸಿದ್ದರು. ಆತ ಹೋದ ಹೊತ್ತು, ಬಂದ ಹೊತ್ತು, ಹೋಗುವಾಗಿನ ಅವಸರ, ಬರುವಾಗಿನ ಮುಖಭಾವ ಎಲ್ಲವೂ ಅವರಲ್ಲಿ ಇತ್ತು. ಮುಂದಿನ ಮನೆ, ಅದರ ಮುಂದಿನ ಮನೆ, ಎಲ್ಲಿಯೂ ತಡವಿಲ್ಲ. ಸ್ವಂತ ಹೊಟ್ಟೆಯ ಬಗ್ಗೆ ಬಾಯಿ ಬಿಡದ ಊರು ಬಾಜೂ ಮನೆಯ ಹೊಟ್ಟೆಯ ಬಗ್ಗೆ ದಿನ, ವಾರ, ಗಳಿಗೆ ಸಮೇತ ಹೇಳಿತು. ಕೆಲವರು ದೌಲತಬಿ ಬೇರೆ ಓಣಿಗೆ ಹೋದ ಮೇಲೆ, ಒಂದು ಹೆಸರು ಮರೆತಿತ್ತು ಎಂದು ಹಿಂದೆ ಓಡಿ ಬಂದು ಬರೆಸಿದರು. ಪ್ರಾಮಾಣಿಕತೆ ನಮ್ಮೂರಿನಲ್ಲಿ ಸತ್ತಿದೆ ಎನ್ನುವವರು ಅವತ್ತು ಬಂದು ನೋಡಬೇಕಿತ್ತು. ಅದು ಬಾಜೂ ಮನೆಯಲ್ಲಿ ಗಟ್ಟಿಮುಟ್ಟಾಗಿತ್ತು. ನಮ್ಮ ಮನೆಯ ಬಗ್ಗೆ ಎಡಗಡೆಯವರು ಮೂರು ಸಲ ಎಂದರಂತೆ, ಬಲಗಡೆಯವರು ಐದು. ಎಡಗಡೆಯವರದು ಸರಿ.

ಮಧ್ಯಾಹ್ನದ ಹೊತ್ತಿಗೆ ನಾಲ್ಕು ಹೋಗಿ ಐವತ್ತೆಂಟು ಆಗಿತ್ತು. ದೌಲತಬಿ ಮನೆಗೆ ಬಂದು ಮಗಳು ಫರಹಾನಾಳ ಡ್ರಾಯಿಂಗ್ ಹಾಳೆಯ ಮೇಲೆ ಓಣಿಗಳನ್ನು ಬರೆದಳು, ಜಡ್ಡಾದವರಿಗೊಂದರಂತೆ ಅವರವರ ಮನೆಯ ಮೇಲೆ ಕೆಂಪು ಚುಕ್ಕಿ ಇಟ್ಟಳು. ನಾಲ್ಕು ಓಣಿ ಖಾಲಿ. ಎಲ್ಲ ಚುಕ್ಕಿಗಳೂ ಮೂರನೇ ವಾಲ್ವಿನ ಪೈಪಿನ ಗುಂಟ ಬಿದ್ದಿದ್ದವು. ಅದರಲ್ಲೂ ಓಣಿಯ ಮೇಲಿನ ಅರ್ಧದಲ್ಲಿ ಒಂದೂ ಇಲ್ಲ. ಒಂದು ಜಾಗದಿಂದ ಕೆಳಗೆ ಸಾಲುಗಟ್ಟಿ ಶುರುವಾಗಿದ್ದವು. ಆ ಜಾಗ ಅಧ್ಯಕ್ಷರ ಕಟ್ಟೆ.

ಅಧ್ಯಕ್ಷರು ಎಂದರೆ ಚಂದಪ್ಪ. ಊರಿಗೆ ಫಲಕ ತಂದವರು. ಅವರು ಅಧ್ಯಕ್ಷರಾಗಿದ್ದು ಹಿಂದಿನ ಅವಧಿಯಲ್ಲಿ. ಈಗ ಆ ಕುರ್ಚಿ ಹೆಂಗಸರಿಗೆ ಮೀಸಲಾಗಿ ಅವರ ಹೆಂಡತಿ ರಂಗವ್ವ ಆರಿಸಿ ಬಂದಿದ್ದಾಳೆ. ಆದರೆ ಕುರ್ಚಿಯಲ್ಲಿ ಕೂಡುವವರು ಚಂದಪ್ಪನವರೇ. ಕಾಗದಕ್ಕೆ ಸಹಿ ಬೇಕಾದಾಗ ಕಾಗದ ಅಡುಗೆಮನೆಗೆ ಹೋಗಿ, ಹಿಟ್ಟಿನ ಬೆರಳಚ್ಚು ಸಮೇತ ಸಹಿಯಾಗಿ ಬರುತ್ತದೆ. ಅವರ ಮನೆಯ ಮುಂದೆ ಗಟಾರ ಹರಿಯುತ್ತಿತ್ತು. ಗಣ್ಯರ ಮನೆಯ ಮುಂದೆ ಗಟಾರ ಕಾಣಬಾರದೆಂದು ಅವರು ಅದರ ಮೇಲೆ ಇಳಕಲ್ಲಿನ ಕೆಂಪು ಗ್ರಾನೈಟಿನ ಕಟ್ಟೆ ಕಟ್ಟಿಸಿದ್ದರು, ಹೆಸರು ಕೆತ್ತಿಸಿ. ಗಟಾರ ಕಾಣಿಸುವುದು ನಿಂತಿತು. ಹರಿಯುವುದೂ ನಿಂತಿತು.

ಆಕೆ ನೀರು ಬಿಡುವ ಹಣಮೇಶನನ್ನು ಕರೆಸಿ ಹಾಳೆ ತೋರಿಸಿದಳು. ಹಣಮೇಶ ಚುಕ್ಕಿ ಶುರುವಾಗುವ ಜಾಗದ ಮೇಲೆ ಬೆರಳಿಟ್ಟ.

“ಕಟ್ಟಿ ಕೆಳಗ ಪೈಪಿನ ಜೋಡ ಐತಿ, ಎರಡು ಪೈಪು ಕೂಡೂ ಜಾಗ. ಸೋರ್ತಿತ್ತು. ಕಟ್ಟಿ ಕಟ್ಟುವಾಗ ನಾ ಹೇಳಿದ್ದೆ.”

“ಯಾರ ಮುಂದ ಹೇಳಿದ್ದಿ ಅಣ್ಣಾ?”

“ನನ್ನ ಹೇಣ್ತಿ ಮುಂದ.”

ಪಿಡಿಓ ಸಾಹೇಬರು ಹಾಳೆ ನೋಡಿ ನಿಜಕ್ಕೂ ಬೆರಗಾದರು. ಆ ವಾಲ್ವ್ ಬಂದ್ ಮಾಡಲು ಒಪ್ಪಿದರು. ಕಟ್ಟೆ ಎಂದ ಕೂಡಲೇ ಮಾತ್ರ ಹಾಳೆಯನ್ನು ಮಡಚಿ ವಾಪಸು ಕೊಟ್ಟರು. ಕಟ್ಟೆ ಒಡೆಯದೆ ಜೋಡು ಸಿಗುವುದಿಲ್ಲ, ಜೋಡು ಸಿಗದೆ ರಿಪೇರಿಯಿಲ್ಲ, ರಿಪೇರಿಯಿಲ್ಲದೆ ಐವತ್ತು ಮನೆಗೆ ಎಷ್ಟು ದಿನ ನೀರು ನಿಲ್ಲಿಸುವುದು? ಒಂದು ಗುರುವಾರ ತಪ್ಪಿಸಬಹುದು. ಎರಡನೇ ದಿನ ಜನವೇ ಬಂದು ವಾಲ್ವ್ ತಿರುಗಿಸುತ್ತಾರೆ.

“ಅಧ್ಯಕ್ಷರದೊಂದು ಆರ್ಡರ್ ಸಹಿ ಮಾಡ್ಸಿ ತಾ. ಆಮ್ಯಾಲ ನೋಡೋಣ,” ಎಂದರು. ಇದು ಆಗುವ ಕೆಲಸವಲ್ಲ ಎಂಬ ನೆಮ್ಮದಿ ಅವರ ಮುಖದಲ್ಲಿತ್ತು.

ಚಂದಪ್ಪನವರು ಊರಲ್ಲಿರಲಿಲ್ಲ. ಮಂಗಳವಾರ ನಸುಕಿನಲ್ಲೇ ಬಾಗಲಕೋಟೆಗೆ ಮಹತ್ವದ ಮೀಟಿಂಗಿಗೆ ಹೋಗಿದ್ದರು. ಮೀಟಿಂಗು ವಿದ್ಯಾಗಿರಿಯ ಒಂದು ಖಾಸಗಿ ದವಾಖಾನೆಯ ಎರಡನೇ ಮಹಡಿಯಲ್ಲಿ ನಡೆಯುತ್ತಿದೆ, ಎಡಗೈಗೆ ಸಲೈನ್ ಹಚ್ಚಿದ್ದಾರೆ ಎಂಬುದು ನಿಂಗರಾಜನಿಂದ ಊರಿಗೆಲ್ಲ ಗೊತ್ತಿತ್ತು.

ಸಂಜೆ ನಾಲ್ಕಕ್ಕೆ ದೌಲತಬಿ ಹೋದಾಗ ರಂಗವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಳು.

“ಕಾಕು, ಅಧ್ಯಕ್ಷರನ್ನ ಕಾಣಬೇಕಾಗಿತ್ತು.”

“ಅವ್ರು ಮೀಟಿಂಗಿಗೆ ಹೋಗ್ಯಾರವ್ವ.”

“ಅವ್ರನ್ನಲ್ಲರಿ. ಅಧ್ಯಕ್ಷರನ್ನ.”

ರಂಗವ್ವ ತಿರುಗಿ ಬೆನ್ನ ಹಿಂದೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಕೈಯಲ್ಲಿದ್ದ ಮೊರ ನಿಧಾನವಾಗಿ ಕೆಳಗಿಟ್ಟಳು.

ದೌಲತಬಿ ಹಾಳೆ ಬಿಡಿಸಿ, ಓಣಿ ಯಾವುದು, ಪೈಪು ಯಾವುದು, ಚುಕ್ಕಿ ಏನು ಎಂದು ಹೇಳಿದಳು. ನಾಳೆ ಮುಂಜಾನೆ ಆರಕ್ಕೆ ನೀರು ಬರುವುದನ್ನು ಹೇಳಿದಳು. ಲಲಿತಾಳ ಕೂಸಿಗೆ ಡಾಕ್ಟರು ಹೇಳಿದ ಮಾತನ್ನೂ ಹೇಳಿದಳು. ರಂಗವ್ವ ಆ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ತಲೆಗೆ ಕುಂಚಿಗೆ ಹೊಲಿದು ಕೊಟ್ಟಿದ್ದವಳು. ಹಾಳೆಯ ಮೇಲೆ ಬೆರಳಾಡಿಸುತ್ತ ಬಂದು ತನ್ನ ಮನೆಯ ಮೇಲೆ ನಿಲ್ಲಿಸಿದಳು. ಅಲ್ಲಿ ಒಂದು ಚುಕ್ಕಿ ಇತ್ತು.

“ಇದು ಯಾರ್ದು?”

ದೌಲತಬಿ ಬಾಗಿಲಾಚೆ ಕಟ್ಟೆಯ ಮೇಲೆ ಕೆತ್ತಿದ ಹೆಸರಿನ ಕಡೆ ನೋಡಿದಳು.

“ಇನ್ನೊಂದು ಹಾಕು,” ಎಂದಳು ರಂಗವ್ವ. “ನನಗೂ ನಿನ್ನಿಯಿಂದ ಆಗಾಕತ್ತೈತಿ. ಅವ್ರಿಗಿ ವಿದ್ಯಾಗಿರಿ ಐತಿ, ನನಗ ಮೆಂತ್ಯಾ ಕಾಳು.”

ಇಡೀ ಊರಿನಲ್ಲಿ ತನ್ನ ಭೇದಿಯನ್ನು ತಾನೇ ಬರೆಸಿದ ಮೊದಲ ವ್ಯಕ್ತಿ ಗ್ರಾಮ ಪಂಚಾಯ್ತಿಯ ಅಧ್ಯಕ್ಷೆ ಎಂಬುದು ನಮ್ಮೂರಿನ ಇತಿಹಾಸದಲ್ಲಿ ಸೇರಬೇಕಾದ ಸಂಗತಿ. ದೌಲತಬಿ ಕಟ್ಟೆ ಒಡೆಯುವ ಆರ್ಡರನ್ನು ಬರೆದು ತಂದಿದ್ದಳು. ರಂಗವ್ವ ಸಹಿ ಮಾಡಲು ಪೆನ್ನು ಕೇಳಿದಳು. ಮಾಡುವ ಮುಂಚೆ, ಓದಿ ಹೇಳು ಎಂದಳು. ನಾಲ್ಕು ವರ್ಷದಲ್ಲಿ ಆಕೆ ಓದಿಸಿಕೊಂಡು ಸಹಿ ಮಾಡಿದ ಮೊದಲ ಕಾಗದ ಅದು.

ಪಿಡಿಓ ಸಾಹೇಬರು ಸಹಿಯನ್ನು ಬೆಳಕಿಗೆ ಹಿಡಿದು ನೋಡಿದರು.

“ಸಹಿ ಏನೋ ಅಧ್ಯಕ್ಷರದ. ಖರೆ, ಅಧ್ಯಕ್ಷರನ್ನ ಕೇಳಿದಿಯೇನು?”

“ಮೀಟಿಂಗಿನ್ಯಾಗ ಅದಾರಂತ್ರಿ. ನೀವ ಫೋನ್ ಹಚ್ಚಿ, ಹೆಂಗಿದೀರಿ ಅಂತ ಕೇಳ್ರಿ.”

ಸಾಹೇಬರಿಗೆ ಆ ಪ್ರಶ್ನೆಯನ್ನು ತಾವು ಕೇಳುವ ಧೈರ್ಯವಾಗಲಿಲ್ಲ. ಠಸ್ಸೆ ಒತ್ತಿದರು.

ಹೊತ್ತು ಮುಳುಗಲು ಇನ್ನೂ ಒಂದು ತಾಸಿತ್ತು. ಗೌಸಸಾಬ ಟಂಟಂನಲ್ಲಿ ಅಮೀನಗಡದಿಂದ ಹೊಸ ಪೈಪು, ಜೋಡಣೆಯ ಸಾಮಾನು ತಂದ. ನಿಂಗರಾಜ ಹಾರೆ ಹಿಡಿದು ಬಂದ. ಬಾಜೂ ಮನೆಯ ಕಟ್ಟೆ ಒಡೆಯುವ ಕೆಲಸವಾದ್ದರಿಂದ ಆತನನ್ನು ಯಾರೂ ಕರೆಯಬೇಕಾಗಿರಲಿಲ್ಲ. ಊರೆಲ್ಲ ನೆರೆಯಿತು. ಹಾರೆ ಹಾಕುವ ಹೊತ್ತಿಗೆ ಮಾತ್ರ ಕೆತ್ತಿದ ಹೆಸರಿನ ಮೇಲೆ ಹೇಗೆ ಹೊಡೆಯುವುದು ಎಂದು ಎಲ್ಲರ ಕೈ ತಡೆದವು. ಅಷ್ಟರಲ್ಲಿ ರಂಗವ್ವನ ಫೋನು ರಿಂಗಣಿಸಿತು. ಆಕೆ ಅದನ್ನು ಸ್ಪೀಕರಿಗೆ ಹಾಕಿದಳೋ, ಹಾಗೆಯೇ ಬಿತ್ತೋ, ಚಂದಪ್ಪನವರ ದನಿ ಓಣಿಗೆಲ್ಲ ಕೇಳಿಸಿತು.

“ನನ್ನ ಕೇಳದ ಕಟ್ಟಿ ಒಡಸ್ತಿಯೇನ? ಯಾರು ಹೇಳಿದ್ರು ನಿನಗ?”

“ನೀವು ಮೀಟಿಂಗಿನ್ಯಾಗ ಇದ್ರಿ. ನಡುವ ಎಬ್ಬಸಬಾರ್ದು ಅಂತ ಬಿಟ್ಟೆ.”

“ಅದರ ಮ್ಯಾಲ ನನ್ನ ಹೆಸರ ಐತಿ.”

“ಅದ ಹೇಳಾಕತ್ತೇನಿ. ಕೆಳಗ ಸೋರಾಕತ್ತೈತಿ, ಮ್ಯಾಲ ನಿಮ್ಮ ಹೆಸರೈತಿ. ನಾಳೆ ಯಾರರೆ ಸತ್ರ ಆ ಹೆಸರ ಓದ್ತಾರ. ಸಲೈನ್ ಮುಗದ ಮ್ಯಾಲ ಬರ್ರಿ.”

ಆಕೆ ಫೋನಿಟ್ಟು ನಿಂಗರಾಜನಿಗೆ ಕಣ್ಣಲ್ಲೇ ಹೇಳಿದಳು. ಹಾರೆ ಬಿತ್ತು.

ಕಲ್ಲು ಎತ್ತಿದಾಗ ಮೇಲೆದ್ದ ವಾಸನೆಗೆ ಮೊದಲ ಸಾಲಿನ ಪ್ರೇಕ್ಷಕರು ಕೊನೆಯ ಸಾಲಿಗೆ ಹೋದರು. ಗಟಾರದ ಕಪ್ಪು ರಾಡಿಯೊಳಗೆ ಪೈಪಿನ ಜೋಡು ಮುಳುಗಿ ಕೂತಿತ್ತು. ಅದಕ್ಕೆ ಸೈಕಲ್ಲಿನ ಟ್ಯೂಬು ಸುತ್ತಿ ಸುತಳಿ ಬಿಗಿದಿತ್ತು. ನೀರು ಬಿಟ್ಟಾಗ ಒಳಗಿನದು ಹೊರಗೆ, ನಿಲ್ಲಿಸಿದಾಗ ಹೊರಗಿನದು ಒಳಗೆ.

“ಆ ಟ್ಯೂಬ ನಂದ,” ಎಂದ ಹಣಮೇಶ. ಒಂದು ಕಾಲಕ್ಕೆ ತಾತ್ಕಾಲಿಕ ಎಂದು ಕಟ್ಟಿದ್ದನಂತೆ. ನಮ್ಮೂರಿನಲ್ಲಿ ಅಂಥ ಕೆಲಸಗಳೇ ಹೆಚ್ಚು ಬಾಳಿಕೆ ಬರುತ್ತವೆ.

ಕತ್ತಲಾಗುವ ಮುಂಚೆ ಹೊಸ ಜೋಡು ಬಿತ್ತು. ಆದರೆ ದೌಲತಬಿಯ ಕಷ್ಟ ಮುಗಿದಿರಲಿಲ್ಲ. ಪೈಪಿನೊಳಗೆ ಉಳಿದ ಹೊಲಸು ಹೋಗಬೇಕೆಂದರೆ ಬ್ಲೀಚಿಂಗ್ ಬೆರೆಸಿದ ನೀರನ್ನು ಎರಡು ತಾಸು ಸುಮ್ಮನೆ ಹರಿಯಬಿಡಬೇಕು ಎಂದು ಡಾಕ್ಟರ್ ಮೇಡಮ್ ಹೇಳಿದ್ದರು. ಮೇ ತಿಂಗಳಲ್ಲಿ, ನಾಲ್ಕು ದಿನಕ್ಕೊಮ್ಮೆ ನಳ ಬರುವ ಓಣಿಯಲ್ಲಿ, ಎರಡು ತಾಸು ನೀರು ನೆಲದ ಮೇಲೆ. ಗುರುವಾರ ಮುಂಜಾನೆ ಆರಕ್ಕೆ ಕೊಡಗಳ ಸಾಲಿನ ಮುಂದೆ ದೌಲತಬಿ ಕೈ ಅಡ್ಡ ಚಾಚಿ ನಿಂತಳು.

“ಇದು ತುಂಬಬ್ಯಾಡ್ರಿ. ಎಂಟಕ್ಕ ಬರೋದು ತುಂಬ್ರಿ.”

ಓಣಿಯ ಹೆಂಗಸರು ಆಕೆಗೆ ಅಂದ ಮಾತುಗಳನ್ನು ಇಲ್ಲಿ ಬರೆದರೆ ಪತ್ರಿಕೆಯವರು ಅಚ್ಚು ಮಾಡುವುದಿಲ್ಲ. ನಿನ್ನಪ್ಪನ ಮನೆಯ ನೀರೇನು ಎಂಬುದು ಅದರಲ್ಲಿ ಅತ್ಯಂತ ಮರ್ಯಾದೆಯದು. ಭಾಗ್ಯಾ ಮೊಳಕೈ ಕೆಳಗಿನಿಂದ ಕೊಡ ನುಗ್ಗಿಸಲು ನೋಡಿದಳು. ಲಲಿತಾಳ ಅತ್ತೆ ಹಿಂದಿನಿಂದ ಬಂದು ಒಂದು ಚರಿಗೆ ತುಂಬಿಯೇ ಬಿಟ್ಟಳು. ದೌಲತಬಿ ಆ ಚರಿಗೆಯನ್ನು ಕಸಿದುಕೊಂಡು ಕಲ್ಲಿನ ಮೇಲೆ ಸುರುವಿದಳು. ನೀರಿನ ಜೊತೆ ಕಪ್ಪು ಕೊಳೆ, ಒಂದು ಸತ್ತ ಜಿರಳೆ, ಏನೆಂದು ತಿಳಿಯದ ಇನ್ನೊಂದು ವಸ್ತು ಬಂದವು. ಆಮೇಲೆ ಯಾರೂ ಕೊಡ ಮುಂದೆ ತರಲಿಲ್ಲ. ಬೈಗುಳ ಮಾತ್ರ ಎಂಟರವರೆಗೆ ನಡೆಯಿತು, ಶುರು ಮಾಡಿದ್ದನ್ನು ನಡುವೆ ಬಿಡಬಾರದಲ್ಲ.

ಶುಕ್ರವಾರ ಹೊಸದಾಗಿ ಮೂವರು ಬಿದ್ದರು. ಶನಿವಾರ ಒಬ್ಬರು. ರವಿವಾರದಿಂದ ಯಾರೂ ಇಲ್ಲ. ತಾಲೂಕಿಗೆ ಹೋದ ವರದಿಯಲ್ಲಿ ಒಟ್ಟು ಅರವತ್ಮೂರು ಎಂದಿದೆ. ಈಗಲೂ ನೀವು ಬಂದು ಮನೆಮನೆ ಕೇಳಿದರೆ ಅರವತ್ಮೂರೂ ಬಾಜೂ ಮನೆಯವರೇ.

ಚಂದಪ್ಪನವರು ಶುಕ್ರವಾರ ಬಂದರು. ಬಾಗಲಕೋಟೆಯಿಂದ ಬರುವ ಯಾವ ಮನುಷ್ಯನೂ ಅಮೀನಗಡದಲ್ಲಿ ಇಳಿದು ಕರದಂಟು ಕೊಳ್ಳದೆ ಬರುವುದಿಲ್ಲ, ಅವರು ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದರು. ಕಟ್ಟೆ ಇದ್ದ ತಗ್ಗಿನ ಮುಂದೆ ಬಹಳ ಹೊತ್ತು ನಿಂತರು. ಏನಾಗುವುದೋ ಎಂದು ಓಣಿ ಕಾಯಿತು. ಅವರು ಹಣಮೇಶನನ್ನು ಕರೆದು ಹಾರೆ ತರಿಸಿದರು, ಪತ್ರಿಕೆಯವರಿಗೆ ಫೋನು ಹಚ್ಚಿದರು, ಉಳಿದಿದ್ದ ಒಂದು ಕಲ್ಲಿನ ಮೇಲೆ ಹಾರೆ ಇಟ್ಟು ಫೋಟೋ ತೆಗೆಸಿಕೊಂಡರು. ಎಡಗೈಯ ಬ್ಯಾಂಡೇಜು ಬೆನ್ನ ಹಿಂದಿತ್ತು. ‘ಜನರ ಆರೋಗ್ಯಕ್ಕಾಗಿ ಸ್ವಂತ ಕಟ್ಟೆ ತ್ಯಾಗ’ ಎಂದು ಸುದ್ದಿ ಬಂತು. ಕೊನೆಯ ಸಾಲಿನಲ್ಲಿ ‘ಮತ್ತಿತರರು ಉಪಸ್ಥಿತರಿದ್ದರು’ ಎಂದಿತ್ತು. ದೌಲತಬಿ ಅದರಲ್ಲಿ ಇದ್ದಳು.

ಆಕೆ ಬೇಸರ ಮಾಡಿಕೊಂಡಳೆ? ಪತ್ರಿಕೆ ತೆಗೆದುಕೊಂಡು ಚಂದಪ್ಪನವರಲ್ಲಿಗೇ ಹೋದಳು.

“ನಿಮ್ಮಂಥಾವ್ರು ಮುಂದ ನಿಂತ್ರ ಉಳಿದ ಕಟ್ಟಿನೂ ಬಿಚ್ಚಸಬಹುದು ಕಾಕಾ. ಗಟಾರದ ಮ್ಯಾಲ ಇನ್ನ ಒಂಬತ್ತು ಅದಾವು.”

ಚಂದಪ್ಪನವರ ಮುಖ ಅರಳಿತು. ಸ್ವಂತ ಕಟ್ಟೆ ಕಟ್ಟಿಸುವುದಕ್ಕಿಂತ ಇನ್ನೊಬ್ಬರ ಕಟ್ಟೆ ಒಡೆಸುವುದು ಎಷ್ಟು ದೊಡ್ಡ ಸೇವೆ ಎಂದು ಅವರಿಗೆ ಆವರೆಗೆ ಹೊಳೆದಿರಲಿಲ್ಲ. ಮರುದಿನದಿಂದ ಟೇಪು ಹಿಡಿದು ಓಣಿ ಓಣಿ ಅಳೆದರು. ಅವರ ಕೈಯಿಂದ ಆರು ಕಟ್ಟೆ ಹೋದವು, ಎರಡು ಕಡೆ ಸೈಕಲ್ ಟ್ಯೂಬು ಸಿಕ್ಕವು. ಕಾಗದಗಳಿಗೆ ರಂಗವ್ವ ಸಹಿ ಮಾಡಿದಳು, ಒಂದೊಂದನ್ನೂ ಓದಿಸಿ.

ನೀರೇನೋ ಸ್ವಚ್ಛವಾಯಿತು, ಊರಿಗೆ ನಂಬಿಕೆ ಮಾತ್ರ ಬರಲಿಲ್ಲ. ವರ್ಷಗಟ್ಟಲೆ ಗಟಾರದ ನೀರನ್ನು ನಿಶ್ಚಿಂತೆಯಿಂದ ಕುಡಿದವರಿಗೆ ಈಗ ಬ್ಲೀಚಿಂಗಿನ ವಾಸನೆ ಅನುಮಾನ ಹುಟ್ಟಿಸಿತು. ನಳದ ನೀರನ್ನು ಎಮ್ಮೆಗೆ ಕುಡಿಸಿ ತಾವು ದೂರದ ಹಳೆಯ ಬಾವಿಗೆ ಹೋಗತೊಡಗಿದರು. ಆ ಬಾವಿಯ ನೀರು ನಳದ ಹಳೆಯ ನೀರಿಗಿಂತ ಹೊಲಸು ಎಂದು ದೌಲತಬಿಗೆ ಗೊತ್ತಿತ್ತು, ಆಕೆಗೆ ಮತ್ತೆ ನಿದ್ದೆ ಹೋಯಿತು.

ಎರಡು ವಾರದ ಮೇಲೆ ಆಕೆ ತಕ್ಕಡಿ ಹಿಡಿದು ಲಲಿತಾಳ ಮನೆಗೆ ಹೋದಳು. ಕೂಸನ್ನು ಜೋಳಿಗೆಯಲ್ಲಿ ಹಾಕಿ ತೂಗಿದರೆ ಮುನ್ನೂರು ಗ್ರಾಂ ಹೆಚ್ಚಾಗಿತ್ತು. ತೂಗಿದ್ದಕ್ಕೆ ಸಿಟ್ಟಾಗಿ ಅದು ಓಣಿಗೆಲ್ಲ ಕೇಳುವಂತೆ ಅತ್ತಿತು. ಲಲಿತಾ ನಕ್ಕು, ಬಿಸಿಲಾಗ ಬಂದಿ ಅಕ್ಕ ಎಂದು ತಂಬಿಗೆಯಲ್ಲಿ ನೀರು ತಂದುಕೊಟ್ಟಳು.

“ನಳದ್ದೇನ?”

“ಬಾವಿಗಿ ಹೋಗಾಕ ಕೂಸು ಬಿಡ್ಬೇಕಲ್ಲ. ನಳದ್ದ.”

ಅಂಗಳದಲ್ಲಿ ನಿಂಗರಾಜ, ಆತನ ಹೆಂಡತಿ, ಹಾಲು ಕೊಡಲು ಬಂದಿದ್ದ ಭಾಗ್ಯಾ, ಮೂವರೂ ಆಕೆಯ ಕಡೆ ತಿರುಗಿದರು. ದೌಲತಬಿ ತಂಬಿಗೆಯನ್ನು ಎತ್ತಿ ಹಿಡಿದು, ನಡುವೆ ಉಸಿರು ತೆಗೆಯದೆ, ತಳ ಕಾಣುವವರೆಗೆ ಕುಡಿದಳು. ಬಾಯಿ ಒರೆಸಿಕೊಂಡು ವಹಿ ತೆಗೆದು ಕೂಸಿನ ತೂಕ ಬರೆದಳು.

ನಿಂಗರಾಜ ಆಕೆಯ ಮುಖವನ್ನೇ ನೋಡುತ್ತ ಕುಳಿತಿದ್ದ. ಕುರಿಗೆ ಹೊಸ ಮೇವು ಹಾಕಿದಾಗ ನೋಡುವಂತೆ, ಒಂದು ಚುಟ್ಟ ಸೇದಿ ಮುಗಿಸುವಷ್ಟು ಹೊತ್ತು ನೋಡಿದ. ಆಕೆಗೆ ಏನೂ ಆಗಲಿಲ್ಲ. ಆಮೇಲೆ ಕಂಬಳಿ ಸರಿಸಿ, ಪಕ್ಕದಲ್ಲಿದ್ದ ತನ್ನ ಚರಿಗೆಯನ್ನು ಸೊಸೆಯ ಕಡೆ ಚಾಚಿದ.

“ನನಗೂ ಒಂದೀಟು ಹಾಕವಾ.”